ಶಿವಲಿಂಗವ್ವ ಮಾರದ ಗಿಡ

ಗಿಡ ಕೊಳ್ಳಲು ಬಂದವರನ್ನು ಕಳ್ಳರಂತೆ ವಿಚಾರಣೆ ಮಾಡುವ ಅಂಗಡಿ ಹುಬ್ಬಳ್ಳಿ-ಧಾರವಾಡದ ನಡುವೆ ಒಂದೇ ಇದೆ. ಅದು ರಾಯಾಪುರದಲ್ಲಿ, ನನ್ನ ಅಂಗಡಿಯ ಗೋಡೆಗೆ ಗೋಡೆ ಹಚ್ಚಿಕೊಂಡು ಇದೆ. ಇದು ನನ್ನ ಹಣೆಬರಹ. ನಾನು ಇಸ್ತಿಯಾಕ, ಸಿಮೆಂಟಿನ ಹೂಕುಂಡ ಮಾಡುವವನು. ಆಕೆ ಶಿವಲಿಂಗವ್ವ, ನರ್ಸರಿ ಇಟ್ಟವಳು. ಆಕೆಯ ಗಿಡ ಹೋದರೆ ನನ್ನ ಕುಂಡ ಹೋಗುತ್ತದೆ. ಆಕೆ ಗಿರಾಕಿಯನ್ನು ಓಡಿಸಿದರೆ ನನ್ನ ಗಿರಾಕಿಯೂ ಓಡಿದ ಹಾಗೆ. ಹೀಗಾಗಿ ಆಕೆಯ ಬಾಯಿಯ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾರಿಗೂ ಇರಲಾರದು.

ಈ ಬೇಸಿಗೆಯಲ್ಲಿ ನವನಗರದಿಂದ ಸುಹಾಸಿನಿ ಎಂಬ ಬ್ಯಾಂಕಿನ ಮೇಡಂ ಬಂದಿದ್ದರು. ನನ್ನಲ್ಲಿ ಅಗಲ ಬಾಯಿಯ ನೀರಿನ ಕುಂಡವೊಂದನ್ನು ಮೆಚ್ಚಿ, ಅದರಲ್ಲಿ ಬಿಡಲು ತೇಲುವ ಗಿಡ ಬೇಕೆಂದು ಪಕ್ಕಕ್ಕೆ ಹೋದರು. ನಾನು ಕುಂಡ ಒರೆಸುತ್ತ, ಯಾ ಅಲ್ಲಾ, ಇವತ್ತೊಂದು ದಿನ ಆಕೆಯ ಬಾಯಿ ಕಟ್ಟು ಎಂದು ಬೇಡಿಕೊಳ್ಳುತ್ತಿದ್ದೆ.

"ತೇಲೂದು ಇಲ್ಲ. ಬ್ಯಾರೆ ಏನರ ಕೇಳ್ರಿ," ಎಂದಳು ಶಿವಲಿಂಗವ್ವ.

"ಮೊದಲ ಇಡತಿದ್ರೆಲ್ಲ. ಬಾಗಲದಾಗ ಟಬ್ ತುಂಬ ಇರತಿದ್ದವು."

"ಮೊದಲ ಇಡತಿದ್ದೆ. ಈಗ ಇಡೂದಿಲ್ಲ. ನಿಮ್ಮ ಮನಿ ಹಿಂದ ಗಟಾರ ಐತೇನು?"

"ಗಟಾರ ಇಲ್ದ ಮನಿ ಎಲ್ಲಿ ಇರತೈತ್ರಿ?"

"ಅದರ ನೀರು ಎಲ್ಲಿ ಹೋಗಿ ಕೂಡತೈತಿ?"

ಮೇಡಂ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಗಿಡವೂ ಬೇಡ, ಕುಂಡವೂ ಬೇಡ ಎಂದು ಸ್ಕೂಟಿ ಹತ್ತಿ ಹೋಗಿಬಿಟ್ಟರು.

"ಅಕ್ಕಾ, ಅವರ ಮನಿ ಗಟಾರ ತಗೊಂಡು ನೀ ಏನ ಮಾಡಾಕಿ?" ಎಂದು ಗೋಡೆಯ ಮೇಲಿಂದ ಕೇಳಿದೆ.

"ಸುಮ್ಮ ಕೇಳಿದೆ."

ಶಿವಲಿಂಗವ್ವ ಸುಮ್ಮನೆ ಏನನ್ನೂ ಕೇಳುವವಳಲ್ಲ. ಹಾಲಿನವನು ಬಂದರೆ ಹಾಲಿನಲ್ಲಿ ಬೆರಳದ್ದಿ ನೋಡುತ್ತಾಳೆ. ಗೊಬ್ಬರದ ಚೀಲ ಬಂದರೆ ತಳದವರೆಗೆ ಕೈ ಹಾಕುತ್ತಾಳೆ. ಯಾರು ಚಹಾ ಕೊಟ್ಟರೂ ಕುಡಿಯುವುದಿಲ್ಲ. ಇವತ್ತು ಚಹಾ ಕೊಟ್ಟವರು ನಾಳೆ ಏನೋ ಕೇಳಲು ಬರುತ್ತಾರೆ ಎಂಬುದು ಆಕೆಯ ಅಂದಾಜು. ಈದಿಗೆ ನಾನು ಸುರಕುಂಬಾ ಪಾಯಸ ಒಯ್ದರೆ "ಅಲ್ಲೆ ಇಡು" ಎನ್ನುತ್ತಾಳೆ. ನಾನು ಹೋದ ಮೇಲೆ ಕುಡಿಯುತ್ತಾಳೋ ದಾಸವಾಳದ ಬುಡಕ್ಕೆ ಸುರಿಯುತ್ತಾಳೋ ಇಂದಿಗೂ ಗೊತ್ತಿಲ್ಲ. ಸ್ವಂತ ಬಳಗದವರು ತಂದ ಹೋಳಿಗೆಗೂ ಇದೇ ಮರ್ಯಾದೆ, ಆದ್ದರಿಂದ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇದಕ್ಕೆ ಕಾರಣ ಇಲ್ಲದಿಲ್ಲ. ಆಕೆಯ ಗಂಡ ಧಾರವಾಡದ ಒಂದು ಕಾಲೇಜಿನಲ್ಲಿ ಮಾಲಿಯಾಗಿದ್ದ. ಚಿಕ್ಕ ವಯಸ್ಸಿನಲ್ಲೇ ತೀರಿಹೋದ. ಬರಬೇಕಾದ ಹಣಕ್ಕೆ ಕಾಲೇಜಿನವರು ಇವತ್ತು ಬಾ, ನಾಳೆ ಬಾ ಎಂದು ಅಡ್ಡಾಡಿಸಿ ಕೊನೆಗೆ ಕೈ ತೊಳೆದುಕೊಂಡರು. ತನ್ನವರು ಎಂದುಕೊಂಡವರೂ ಮುಖ ತಿರುವಿದರು. ಗಂಡ ಹಿತ್ತಲಲ್ಲಿ ಊರಿಟ್ಟಿದ್ದ ಮಲ್ಲಿಗೆ, ದಾಸವಾಳದ ಟೊಂಗೆಗಳನ್ನು ಬುಟ್ಟಿಯಲ್ಲಿ ಹೊತ್ತು ಓಣಿ ಓಣಿ ತಿರುಗಿ ಮಾರಿದಳು. ಆಮೇಲೆ ರಸ್ತೆಯ ಬದಿಯಲ್ಲಿ ಈ ಜಾಗ ಬಾಡಿಗೆಗೆ ಹಿಡಿದಳು. ಮಕ್ಕಳಿಲ್ಲ. ತವರಿನಲ್ಲಿ ತಮ್ಮ ಮಡಿವಾಳಪ್ಪ ಇದ್ದಾನೆ, ಅವನ ಮಗಳು ಉಮಾಶ್ರೀ ಎಂದರೆ ಜೀವ. ಆಕೆ ಸಂಶಯಪಡದ ಮನುಷ್ಯರು ಈ ಇಬ್ಬರೇ ಎಂದು ನಾನು ಖಾತ್ರಿಯಾಗಿ ಹೇಳಬಲ್ಲೆ.

ಗಿಡಗಳನ್ನಂತೂ ಮನುಷ್ಯರಿಗಿಂತ ಹೆಚ್ಚು ಅನುಮಾನಿಸುತ್ತಾಳೆ. ಹೊರಗಿನಿಂದ ಲಾರಿಯಲ್ಲಿ ಬಂದ ಹೊಸ ಗಿಡವನ್ನು ಕೂಡಲೇ ಮಾರುವುದಿಲ್ಲ. ಬೇವಿನ ಮರದ ಕೆಳಗೆ ಬೇರೆಯಾಗಿ ಒಂದು ಕಟ್ಟೆ ಇದೆ, ಅದರ ಮೇಲೆ ಒಂದು ಮಳೆಗಾಲ ಪೂರ್ತಿ ಕೂರಿಸುತ್ತಾಳೆ. ಅದು ಬೇರು ಎಲ್ಲಿಗೆ ಚಾಚುತ್ತದೆ, ಬೀಜ ಎಷ್ಟು ದೂರ ಎಸೆಯುತ್ತದೆ, ಕುಂಡದ ಹೊರಗೆ ತಾನಾಗಿ ಹುಟ್ಟುತ್ತದೆಯೇ ಎಂದು ನೋಡುತ್ತಾಳೆ. ಹಾದಿಯಲ್ಲಿ ಒಂದು ಮರಿ ಕಂಡರೂ ಸಾಕು, ತಾಯಿಗಿಡ ಬೇರುಸಮೇತ ತಗಡಿನ ಮೇಲೆ ಬಿಸಿಲಿಗೆ ಬೀಳುತ್ತದೆ. ಆ ಕಟ್ಟೆಗೆ ನಾವೆಲ್ಲ ಶಿವಲಿಂಗವ್ವನ ಜೇಲು ಎನ್ನುತ್ತೇವೆ.

ಆದರೆ ಜೇಲಿನಿಂದ ಪಾಸಾಗಿ ಹೊರಬಂದ ಗಿಡದ ಮೇಲೆ ಆಕೆಗೆ ಎಲ್ಲಿಲ್ಲದ ಮಮತೆ. ಗಿರಾಕಿಯ ಕೈಗೆ ಕೊಡುವಾಗ ತಪ್ಪದೆ ಒಂದು ಮಾತು ಹೇಳುತ್ತಾಳೆ: "ಗಿಡಕ್ಕ ಜೀವ ಐತಿ. ಸಾಕಾಕ ಆಗಲಿಲ್ಲಂದ್ರ ಅದು ಬದುಕೂ ಕಡೆ ಬಿಡ್ರಿ, ತಿಪ್ಪಿಗೆ ಒಗೀಬ್ಯಾಡ್ರಿ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ, ಆಕೆ ಬಾಯಿ ತೆರೆಯುವ ಮೊದಲೇ ನಾನೇ ಹೇಳಿ ಮುಗಿಸುತ್ತಿದ್ದೆ.

ತೇಲುವ ಗಿಡದ ಮೇಲಿನ ಸಿಟ್ಟು ಹುಟ್ಟಿದ ದಿನ ನಾನು ಜೊತೆಗಿದ್ದೆ. ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಟೆಂಪೋದಲ್ಲಿ ಗಿಡ ಹೇರಿಕೊಂಡು ಹೊರಟಿದ್ದೆವು. ದಾರಿಯ ಕೆರೆಯೊಂದರ ದಂಡೆಯಲ್ಲಿ ಜೇಸಿಬಿ ನಿಂತಿತ್ತು. ಕೆರೆಯಲ್ಲಿ ನೀರೇ ಕಾಣುತ್ತಿರಲಿಲ್ಲ, ಹಸಿರು ಜಮಖಾನೆ ಹಾಸಿದಂತಿತ್ತು. ಜೇಸಿಬಿ ಆ ಹಸಿರನ್ನು ಬಾಚಿ ಬಾಚಿ ದಂಡೆಗೆ ಗುಡ್ಡೆ ಹಾಕುತ್ತಿತ್ತು. ಸತ್ತ ಮೀನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಶಿವಲಿಂಗವ್ವ ಗಾಡಿ ನಿಲ್ಲಿಸು ಎಂದಳು. ಇಳಿದು ಹೋಗಿ ಗುಡ್ಡೆಯಿಂದ ಒಂದು ಗಿಡ ಎತ್ತಿದಳು. ಪುಟ್ಟ ಕೋಸಿನಂಥ ಗಿಡ, ಮಖಮಲ್ಲಿನಂಥ ಎಲೆ, ಕೆಳಗೆ ಗಡ್ಡದ ಹಾಗೆ ಇಳಿಬಿದ್ದ ಬೇರು. ಜನ ಅಂತರಗಂಗೆ ಎನ್ನುತ್ತಾರಲ್ಲ, ಅದು. ಆಕೆಯ ಬಾಗಿಲಿನ ಟಬ್ಬುಗಳಲ್ಲಿ ತೇಲುತ್ತಿದ್ದದ್ದೂ, ಅಂದವಾಗಿದೆ ಎಂದು ಜನ ಮುಗಿಬಿದ್ದು ಒಯ್ಯುತ್ತಿದ್ದದ್ದೂ ಅದೇ.

"ನಡಿ ತಮ್ಮಾ," ಎಂದಳು.

ಊರಿಗೆ ಮರಳಿದ ಕೂಡಲೇ ಎಲ್ಲ ಟಬ್ಬುಗಳನ್ನೂ ತಗಡಿನ ಮೇಲೆ ಬೋರಲು ಹಾಕಿದಳು. ಆ ಟಬ್ಬುಗಳನ್ನು ಆಕೆಗಾಗಿಯೇ ಅಚ್ಚು ಮಾಡಿಸಿ ಎರೆದವನು ನಾನು. ತಲೆ ಕೆಟ್ಟಿತೇನು ಎಂದು ಕೂಗಾಡಿದೆ. ಆ ಕೆರೆಗೆ ಗಿಡ ತನ್ನಿಂದಲೇ ಹೋಯಿತೋ ಏನೋ ಎಂದು ಒಮ್ಮೆ ಮೆಲ್ಲಗೆ ಅಂದಳು. ಆಮೇಲೆ ನನ್ನ ಮುಖ ನೋಡಿ, "ಇದನ್ನ ಯಾರ ಮುಂದೂ ಆಡಬ್ಯಾಡ," ಎಂದಳು. ಜನಕ್ಕೆ ಗೊತ್ತಾದರೆ ಕೆರೆ ಕೆಡಿಸಿದವಳು ಇವಳೇ ಎಂದು ಬೆರಳು ಮಾಡುತ್ತಾರೆ, ಕಚೇರಿಯವರು ಬಂದು ಅಂಗಡಿ ಮುಚ್ಚಿಸುತ್ತಾರೆ, ಇಷ್ಟೇ ಆಕೆಯ ತಲೆಯಲ್ಲಿ ಇದ್ದದ್ದು. ಮಾರುವುದನ್ನು ಬಿಟ್ಟಳು. ಯಾಕೆ ಬಿಟ್ಟೆ ಎಂಬುದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಹೀಗಿರುವಾಗ ಎರಡು ವರ್ಷದ ಕೆಳಗೆ ರಸ್ತೆಯ ಆಚೆ ಬದಿಗೆ ಅಮರೇಶನ ಅಂಗಡಿ ಬಂತು. ಮದುವೆ, ಮನೆಶಾಂತಿ, ಕುಬಸಗಳಲ್ಲಿ ಬಂದವರ ಕೈಗೆ ಕೊಡುವ ಗಿಡಗಳ ಅಂಗಡಿ. ಹುಡುಗ ಚುರುಕು, ನಕ್ಕೋತ ಮಾತಾಡುವವನು. ದುರ್ಗದಬೈಲಿನಿಂದ ಗಾಜಿನ ಪುಟ್ಟ ಬಟ್ಟಲುಗಳನ್ನು ತಂದು, ನೀರು ತುಂಬಿ, ಒಂದೊಂದರಲ್ಲಿ ಒಂದೊಂದು ಅಂತರಗಂಗೆ ಬಿಟ್ಟು, ಕೆಂಪು ದಾರ ಕಟ್ಟಿ, 'ಲಕ್ಷ್ಮೀ ತಾವರೆ' ಎಂದು ಚೀಟಿ ಅಂಟಿಸುತ್ತಿದ್ದ. ಎಲ್ಲಿಯ ಲಕ್ಷ್ಮಿ, ಎಲ್ಲಿಯ ತಾವರೆ. ಆದರೆ ನೋಡಲು ಚೆಂದ ಇತ್ತು, ಬಿಸಿ ಮಿರ್ಚಿಯಂತೆ ಹೋಗುತ್ತಿತ್ತು.

ಶಿವಲಿಂಗವ್ವನಿಗೆ ನಿದ್ದೆ ಹಾರಿತು. ದಿನವಿಡೀ ಬೇವಿನ ಕಟ್ಟೆಯ ಮೇಲೆ ಕೂತು ಆಚೆ ಬದಿಯನ್ನೇ ನೋಡುವಳು. ಯಾರ ಗಾಡಿ ಬಂತು, ಎಷ್ಟು ಡಬ್ಬಿ ಹೋಯಿತು, ಟಬ್ಬು ತೊಳೆದ ನೀರನ್ನು ಎಲ್ಲಿ ಚೆಲ್ಲಿದ. ಅವನು ಒಳ್ಳೆಯ ಮನಸ್ಸಿನಿಂದ ಚಹಾ ಕಳಿಸಿದರೆ ಹಾಗೇ ವಾಪಸು. ಒಂದು ದಿನ ಅವನೇ ರಸ್ತೆ ದಾಟಿ ಬಂದು, "ಅವ್ವಾರ, ನೀವು ಇದನ್ನ ಮಾರೂದು ಬಿಟ್ಟೀರಂತ. ಯಾಕಂತ ಹೇಳ್ರಿ, ನನಗೂ ತಿಳೀಲಿ," ಎಂದ.

"ನಿನಗ್ಯಾಕ ಬೇಕು ಅದು?"

"ಹಂಗಲ್ರಿ. ಏನರ ರೋಗ ಬರತೈತೇನು ಅಂತ ಕೇಳಿದೆ."

"ಕೇಳೂದು ಮುಗೀತಿಲ್ಲೋ? ಹೋಗು."

ಅವನು ಹೋದ. ನನಗೆ ಮೈಯೆಲ್ಲ ಉರಿಯಿತು. "ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದೆ. ಆಕೆ ನನ್ನನ್ನೂ ಹಾಗೇ ನೋಡಿದಳು. ಅಮರೇಶ ಆಗಾಗ ನನ್ನ ಟೆಂಪೋ ಬಾಡಿಗೆಗೆ ಒಯ್ಯುತ್ತಿದ್ದ, ಆದ್ದರಿಂದ ನಾನೂ ಅವನ ಪಾರ್ಟಿಯವನು ಎಂಬ ಲೆಕ್ಕಕ್ಕೆ ಸೇರಿಬಿಟ್ಟಿದ್ದೆ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ತಮ್ಮ ಮಡಿವಾಳಪ್ಪನ ಫೋನು ಬಂತು. ಆತನದು ಶಿರಗುಪ್ಪಿಯ ಆಚೆ, ಒಳದಾರಿಯ ಒಂದು ಹಳ್ಳಿ. ಸುತ್ತ ಎರೆಭೂಮಿ, ಎಲ್ಲಿ ಬೋರು ಹಾಕಿದರೂ ಉಪ್ಪುನೀರು. ಊರೆಲ್ಲ ಕುಡಿಯುವುದು ಒಂದೇ ಕೆರೆಯ ನೀರನ್ನು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: ಕೆರೆಯ ಮೂಲೆಯಲ್ಲಿ ಹಸಿರು ಹಸಿರು ಏನೋ ತೇಲುತ್ತಿದೆ, ವಾರದಿಂದ ವಾರಕ್ಕೆ ಬೆಳೆಯುತ್ತಿದೆ, ನೀನು ಗಿಡದವಳಲ್ಲವೇ, ಬಂದು ನೋಡು.

ಶಿವಲಿಂಗವ್ವ ಫೋನು ಹಿಡಿದುಕೊಂಡೇ ನನ್ನ ಅಂಗಡಿಗೆ ಬಂದಳು. ಮುಖ ಬೂದಿಯಾಗಿತ್ತು. "ಗಾಡಿ ತಗಿ," ಎಂದಳು.

ದಾರಿಯಲ್ಲಿ ನನ್ನ ವಿಚಾರಣೆ ಶುರುವಾಯಿತು.

"ಆ ಅಮರೇಶ ನಿನ್ನ ಗಾಡಿ ಯಾವಾಗ ಒಯ್ದಿದ್ದ?"

"ಮೇದಾಗ ಒಯ್ದಿದ್ದ. ಎಲ್ಲಿಗೆ ಅಂತ ನಾ ಕೇಳಿಲ್ಲ."

"ಯಾಕ ಕೇಳಲಿಲ್ಲ?"

"ಬಾಡಿಗಿ ಕೊಟ್ಟಾಂವಗ ಗಾಡಿ ಎಲ್ಲಿಗೆ ಅಂತ ಕೇಳೂದು ನಿನ್ನ ಪದ್ಧತಿ ಅಕ್ಕಾ, ನಂದಲ್ಲ."

"ಗಾಡಿ ಎಲ್ಲಿ ತೊಳೀತಾನವ? ನಮ್ಮೂರ ಕೆರ್ಯಾಗ ಟಬ್ ತೊಳದಿರಬೇಕು. ಇಲ್ಲಾ ನೀನ ತೊಳದಿರಬೇಕು."

ನಾನು ಬ್ರೇಕು ಹಾಕಿ ಗಾಡಿ ನಿಲ್ಲಿಸಿದೆ. ಇಳಿಸಿಬಿಡುತ್ತೇನೆ ಎನ್ನುವಷ್ಟು ಸಿಟ್ಟು ಬಂದಿತ್ತು. ಆದರೆ ಆಕೆ ಸೆರಗಿನ ತುದಿಯನ್ನು ತಿರುವಿ ತಿರುವಿ ಹಗ್ಗ ಮಾಡಿದ್ದಳು. ಈ ಹೆಂಗಸಿಗೆ ಅಂಜಿಕೆಯಾಗಿದೆ, ಅಂಜಿಕೆಯೇ ಹೀಗೆ ಮಾತಾಡಿಸುತ್ತಿದೆ ಎಂದು ತಿಳಿದು ಮತ್ತೆ ಗಾಡಿ ಬಿಟ್ಟೆ. ಶಿರಗುಪ್ಪಿ ದಾಟುವ ಹೊತ್ತಿಗೆ ಆಕೆಯ ಅನುಮಾನ ಅಮರೇಶನನ್ನು ಬಿಟ್ಟು, ಕೆರೆ ತುಂಬಿಸುವ ಕಾಲುವೆಯವರ ಮೇಲೆ, ಅಲ್ಲಿಂದ ಪಕ್ಕದ ಊರಿನವರ ಹೊಟ್ಟೆಕಿಚ್ಚಿನ ಮೇಲೆ ಹೋಗಿ ಕೂತಿತ್ತು.

ಆ ಊರಿನ ಕೆರೆಯನ್ನು ನೀವು ನೋಡಬೇಕು. ಸುತ್ತ ತಂತಿಬೇಲಿ. ಒಂದೇ ಬಾಗಿಲು. ಚಪ್ಪಲಿ ಹಾಕಿಕೊಂಡು ಏರಿ ಹತ್ತುವಂತಿಲ್ಲ. ದನ ಬಿಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಕಾಲು ತೊಳೆಯುವಂತಿಲ್ಲ. ಮನೆಮನೆಗೆ ಪಾಳಿ ಹಚ್ಚಿ ಬಾಗಿಲಲ್ಲಿ ಒಬ್ಬರನ್ನು ಕೂರಿಸುತ್ತಾರೆ. ಅಂದು ಮಡಿವಾಳಪ್ಪನದೇ ಪಾಳಿ. ಕೈಯಲ್ಲಿ ಕೋಲು ಹಿಡಿದು ಕೂತಿದ್ದವನು ಅಕ್ಕನನ್ನು ಮಾತಾಡಿಸುವ ಮೊದಲು ನನ್ನ ಕಾಲು ನೋಡಿದ. ನಾನು ಚಪ್ಪಲಿ ಬಿಟ್ಟೆ.

ಏರಿಯ ಮೇಲೆ ನಿಂತು ನೋಡಿದರೆ, ಮೆಟ್ಟಿಲುಗಳ ಪಕ್ಕದ ಮೂಲೆಯಲ್ಲಿ ನಮ್ಮ ಮನೆಯ ಅಂಗಳದಷ್ಟು ಜಾಗ ಹಸಿರಾಗಿತ್ತು. ಅದೇ ಪುಟ್ಟ ಕೋಸು, ಒಂದರ ಪಕ್ಕ ಒಂದು. ದೊಡ್ಡವುಗಳ ಸುತ್ತ ಮರಿಗಳು. ಉಳಿದ ಕೆರೆ ಇನ್ನೂ ತಿಳಿಯಾಗಿತ್ತು, ಗಾಳಿಗೆ ಸಣ್ಣ ತೆರೆ ಏಳುತ್ತಿತ್ತು. ತಡವಾಗಿಲ್ಲ ಎಂದು ನನಗೆ ಜೀವ ಬಂತು.

"ಯಾರ ಬಂದಿದ್ರು ಇಲ್ಲಿ? ಖರೇ ಹೇಳು," ಎಂದು ಶಿವಲಿಂಗವ್ವ ತಮ್ಮನನ್ನು ಹಿಡಿದಳು.

"ಯಾರೂ ಬಂದಿಲ್ಲ ಅಕ್ಕಾ. ನಾವು ಇಲಿ ಸುದ್ದಾ ಬಿಟ್ಟಿಲ್ಲ."

"ಟೆಂಪೋ ಬಂದಿತ್ತಾ? ಟಬ್ ತಂದಿದ್ರಾ?"

"ಬಾಗಲದಾಗ ನಾ ಕುಂತೀನಿ, ಟೆಂಪೋ ಹ್ಯಾಂಗ ಬರತೈತಿ?"

ಆಕೆ ಮೆಟ್ಟಿಲಿಳಿದು ಬಗ್ಗಿ ಒಂದು ಗಿಡ ಎತ್ತಿದಳು. ತಿರುವಿ ನೋಡಿದಳು. ಇನ್ನೊಂದನ್ನು ಎತ್ತಿದಳು. ಎರಡನೆಯದರ ಬುಡಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು. ಎಲೆಯ ಸಂದಿಯಲ್ಲಿ ಅರಿಷಿಣ-ಕುಂಕುಮ ಕೂತಿತ್ತು, ನೀರಿಗೂ ಹೋಗಿರಲಿಲ್ಲ. ಅದನ್ನು ಹಿಡಿದುಕೊಂಡು ಆಕೆ ಹಾಗೇ ನಿಂತಳು. ಟೆಂಪೋ ತೊಳೆಯುವವರು ಗಿಡಕ್ಕೆ ಕುಂಕುಮ ಹಚ್ಚುವುದಿಲ್ಲ ಎಂಬುದು ನನಗೂ ಗೊತ್ತಾಯಿತು, ಆಕೆಗೂ ಗೊತ್ತಾಯಿತು.

ಆ ಹೊತ್ತಿಗೆ ಬಾಗಿಲ ಕಡೆಯಿಂದ ಹೆಂಗಸರ ದನಿ ಕೇಳಿತು. ಸೋಮವಾರದ ಪೂಜೆ ಮುಗಿಸಿ ಕೆರೆಯ ದೇವತೆ ಗಂಗವ್ವನಿಗೆ ಕೈಮುಗಿಯಲು ಬರುತ್ತಿದ್ದರು. ಎಲ್ಲರೂ ಬರಿಗಾಲಲ್ಲಿ. ಮುಂದೆ ಉಮಾಶ್ರೀ, ತುಂಬು ಬಸುರಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಆಕೆಯ ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಊದಿನಕಡ್ಡಿ, ಹೂವು, ಮತ್ತು ಕುಂಕುಮ ಹಚ್ಚಿದ ಒಂದು ಅಂತರಗಂಗೆ. ಮಡಿವಾಳಪ್ಪ ಎಲ್ಲರ ಕಾಲು ನೋಡಿ ಒಳಗೆ ಬಿಟ್ಟ.

"ಅತ್ತಿ, ನೀ ಯಾವಾಗ ಬಂದಿ?" ಎಂದು ಉಮಾಶ್ರೀ ನಕ್ಕಳು.

ಶಿವಲಿಂಗವ್ವ ತಟ್ಟೆಯನ್ನೇ ನೋಡುತ್ತಿದ್ದಳು. "ಇದು ಎಲ್ಲಿಂದ ಬಂತು ನಿನಗ?"

"ನನ್ನ ಕುಬಸದಾಗ ಕೊಟ್ಟದ್ದಲ್ಲ. ಬಂದ ಮುತ್ತೈದಿಯರಿಗೆಲ್ಲ ಉಡ್ಯಾಗ ಒಂದೊಂದ ಬಟ್ಟಲ ಇಟ್ಟಿದ್ವಿ. ನಮ್ಮ ಅವ್ವ ಹುಬ್ಬಳ್ಳಿಯಿಂದ ತರಿಸಿದ್ಲು. ನೀ ನೋಡಿಲ್ಲಾ?"

ನೋಡಿರಲಿಲ್ಲ. ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತೈದೆಯರು ಸೇರಿ ಉಡಿ ತುಂಬುವ ಕಾರ್ಯ. ಮುಂದೆ ಒಡ್ಡಿದ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಇಟ್ಟು ಹರಸುತ್ತಾರೆ. ಗಂಡ ಸತ್ತವಳಿಗೆ ಅಲ್ಲಿ ಜಾಗವಿಲ್ಲ. ಬಾ ಎಂದು ಕರೆದಿದ್ದರು. ಆದರೆ ಹಿತ್ತಲಲ್ಲಿ ಕೂತು ಉಂಡು ಬರುವುದು ಆಕೆಗೆ ಸಾಕಾಗಿತ್ತು. ಮೇ ತಿಂಗಳ ಆ ದಿನ ಆಕೆ ರಾಯಾಪುರದಲ್ಲೇ ಉಳಿದು, ಅಮರೇಶನ ಅಂಗಡಿಯಿಂದ ಬಟ್ಟಲಿನ ಡಬ್ಬಿಗಳು ನನ್ನ ಟೆಂಪೋ ಹತ್ತುವುದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದಳು. ಅವು ತನ್ನ ತವರಿಗೇ ಹೊರಟಿವೆ ಎಂದು ಊಹಿಸುವುದಾದರೂ ಹೇಗೆ?

"ಕೆರ್ಯಾಗ ಯಾಕ ಬಿಟ್ರಿ?" ಎಂದಳು ಶಿವಲಿಂಗವ್ವ.

"ಮನ್ಯಾಗ ಭಾಳ ಆದ್ವು ಅತ್ತಿ. ಒಂದಿದ್ದದ್ದು ಬಕೀಟ ತುಂಬ ಆತು. ಉಡ್ಯಾಗ ಬಂದದ್ದನ್ನ ತಿಪ್ಪಿಗೆ ಚೆಲ್ಲಾಕ ಬರತೈತೇನು? ಅದಕ್ಕ ಗಂಗವ್ವಗ ಒಪ್ಪಿಸಿದ್ವಿ. ಮೊದಲ ನಾನ ಬಿಟ್ಟೆ, ಆಮ್ಯಾಲ ಇವರೆಲ್ಲಾ ಬಿಟ್ರು." ಉಮಾಶ್ರೀ ಅತ್ತೆಯ ಮುಖ ನೋಡಿ ಗಾಬರಿಯಾದಳು. "ನೀನ ಹೇಳತಿದ್ದೆಲ್ಲ. ಗಿಡಕ್ಕ ಜೀವ ಐತಿ, ಸಾಕಾಕ ಆಗಲಿಲ್ಲಂದ್ರ ಅದು ಬದುಕೂ ಕಡೆ ಬಿಡ್ರಿ ಅಂತ. ಸಣ್ಣಾಕಿ ಇದ್ದಾಗಿಂದ ಕೇಳೇನಿ."

ಶಿವಲಿಂಗವ್ವ ಮೆಟ್ಟಿಲ ಮೇಲೆ ಕೂತಳು. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಇಡೀ ಜಗತ್ತನ್ನು ಅನುಮಾನಿಸಿದ ಹೆಂಗಸು, ಅನುಮಾನಿಸದೆ ಬಿಟ್ಟದ್ದು ತನ್ನ ಬಾಯಿಯ ಆ ಒಂದು ಮಾತನ್ನು ಮತ್ತು ಆ ಒಂದು ಹುಡುಗಿಯನ್ನು. ಹಾಲಿನವನು, ಅಮರೇಶ, ನಾನು, ಕಾಲುವೆಯವರು ಎಲ್ಲರೂ ಆಕೆಯ ಕಟಕಟೆಯಲ್ಲಿ ನಿಂತು ಬಂದವರು. ಆ ಮಾತನ್ನೂ ಆ ಹುಡುಗಿಯನ್ನೂ ಮಾತ್ರ ವಿಚಾರಿಸಿರಲಿಲ್ಲ.

"ಮಡಿವಾಳಾ, ನೀ ಬಾಗಲದಾಗ ಕುಂತಿದ್ದಿ. ಇವರು ಬಿಡೂದು ನೋಡಲಿಲ್ಲಾ?" ಎಂದಳು ಕೊನೆಗೆ.

"ನೋಡಿದ್ನಲ್ಲ," ಎಂದ ಮಡಿವಾಳಪ್ಪ. "ಅದು ಪೂಜಿ. ಅದನ್ಯಾಕ ತಡೀಲಿ ನಾ? ಯಾರ ಕಾಲಾಗೂ ಚಪ್ಪಲಿ ಇರಲಿಲ್ಲ."

ನಗಬೇಕೆನಿಸಿತು, ನಗಲಿಲ್ಲ. ಶಿವಲಿಂಗವ್ವ ಎದ್ದು ನಿಂತಳು. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆ ಹೆಂಗಸರ ಮುಂದೆ ಇಟ್ಟಳು. ಮೊದಲು ತಡವರಿಸಿದಳು, ಆಮೇಲೆ ನಿಲ್ಲಿಸಲಿಲ್ಲ.

"ಇದು ಲಕ್ಷ್ಮಿ ಅಲ್ಲ, ತಾವರಿನೂ ಅಲ್ಲ. ಬಟ್ಟಲದಾಗ ಇದ್ರ ಚೆಂದ, ಕೆರ್ಯಾಗ ಬಿದ್ರ ಕೆರೀನ ನುಂಗತೈತಿ. ಮ್ಯಾಲ ಹಾಸಿಕೊಂಡು ನೀರಿಗೆ ಗಾಳಿ ಬಿಡೂದಿಲ್ಲ, ಬೆಳಕ ಬಿಡೂದಿಲ್ಲ. ಮೀನ ಸಾಯತಾವ, ನೀರು ನಾರತೈತಿ. ಒಂದ ಕೆರಿ ಹಂಗಾಗಿದ್ದು ನಾ ಕಣ್ಣಾರೆ ಕಂಡೀನಿ. ಇದನ್ನ ನಾನೂ ಮಾರೀನಿ. ಎಷ್ಟ ಮನಿಗೆ ಕೊಟ್ಟೀನೋ, ಅವರು ಎಲ್ಲಿ ಚೆಲ್ಯಾರೋ, ನನಗ ಗೊತ್ತಿಲ್ಲ. ಬೈತೀರಂತ ಯಾರ ಮುಂದೂ ಹೇಳಲಿಲ್ಲ. ಈಗ ಬೈರಿ. ಆದ್ರ ಮೊದಲ ಇದನ್ನ ತಗೀರಿ. ಈ ನೀರು ಹೋತಂದ್ರ ಕುಡ್ಯಾಕ ಬ್ಯಾರೆ ನೀರಿಲ್ಲ ನಿಮಗ."

ಯಾರೂ ಬೈಯಲಿಲ್ಲ. ಉಮಾಶ್ರೀ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೆರೆಯನ್ನು ನೋಡುತ್ತಿದ್ದಳು. ಹುಟ್ಟುವ ಕೂಸಿನ ಮೊದಲ ಸ್ನಾನವೂ ಆ ನೀರಿನದೇ.

ಮಡಿವಾಳಪ್ಪ ಊರಿನಿಂದ ಕರೆತಂದ ಇಬ್ಬರು ಗಂಡಸರು ನೀರಿಗಿಳಿದರು. ಹಳೆಯ ಸೀರೆಯೊಂದನ್ನು ಬಲೆಯಂತೆ ಹಿಡಿದು, ಚೂರೂ ಬಿಡದಂತೆ ದಂಡೆಗೆ ಎಳೆದರು. ಮರಿ ಉಳಿದರೆ ಮತ್ತೆ ಅಷ್ಟೇ ಆಗುತ್ತದೆ ಎಂದು ಶಿವಲಿಂಗವ್ವ ಮೊಣಕಾಲು ನೀರಲ್ಲಿ ನಿಂತು ಒಂದೊಂದನ್ನೂ ಕೈಯಿಂದ ಆರಿಸಿದಳು. ಮೆಟ್ಟಿಲ ಮೇಲೆ ರಾಶಿ ಬಿತ್ತು. ಇಲ್ಲಿಯವರೆಗೆ ಸರಿ. ಮುಂದೆ ಕೆಲಸ ನಿಂತಿತು.

ಆ ರಾಶಿಯನ್ನು ಮುಟ್ಟಲು ಹೆಂಗಸರು ಒಲ್ಲೆ ಎಂದರು. ತಪ್ಪೆಂದು ಒಪ್ಪಿದ್ದರು, ಕೆರೆ ಉಳಿಯಬೇಕೆಂದೂ ಒಪ್ಪಿದ್ದರು. ಆದರೆ ಬಸುರಿಯ ಕಾರ್ಯದಲ್ಲಿ ಉಡಿಗೆ ಬಿದ್ದದ್ದು, ಗಂಗವ್ವನಿಗೆ ಒಪ್ಪಿಸಿದ್ದು. ಅದನ್ನು ಬಿಸಿಲಿಗೆ ಎಸೆದು ಒಣಗಿಸಿದರೆ ಹುಡುಗಿಗೆ ಏನಾದರೂ ಆದರೆ? ಒಬ್ಬ ಮುದುಕಿ ಖಡಾಖಡಿ ಹೇಳಿದಳು: "ಉಡ್ಯಾಗಿಂದು ಇನ್ನೊಂದ ಉಡಿಗೇ ಹೋಗಬೇಕು. ತಿಪ್ಪಿಗಲ್ಲ." ಉಮಾಶ್ರೀಯ ಅವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅಲ್ಲಿದ್ದ ಯಾವ ಮುತ್ತೈದೆಯೂ ಆ ಗಿಡವನ್ನು ಮತ್ತೆ ತನ್ನ ಉಡಿಯಲ್ಲಿ ಹಾಕಿಸಿಕೊಂಡು, ಅದನ್ನು ಒಣಗಿಸಿದ ದೋಷ ಹೊರಲು ತಯಾರಿರಲಿಲ್ಲ. ರಾಶಿ ಅಲ್ಲೇ ಬಿದ್ದಿದ್ದರೆ ಒಂದು ಮಳೆ ಸಾಕು, ತಿರುಗಿ ಕೆರೆಗೆ.

ಶಿವಲಿಂಗವ್ವ ನೀರಿನಿಂದ ಮೇಲೆ ಬಂದಳು. ಒದ್ದೆ ಸೆರಗನ್ನು ಹೆಗಲಿನಿಂದ ಇಳಿಸಿ, ಎರಡೂ ಕೈಯಿಂದ ಮುಂದಕ್ಕೆ ಒಡ್ಡಿದಳು.

"ನನ್ನ ಉಡ್ಯಾಗ ಹಾಕ್ರಿ."

ಯಾರಾದರೂ ಕೊಟ್ಟ ಚಹಾವನ್ನೂ ಮುಟ್ಟದ ಹೆಂಗಸು ಊರ ಮುಂದೆ ಸೆರಗು ಒಡ್ಡಿ ನಿಂತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗಂಡ ಸತ್ತ ಮೇಲೆ ಆ ಸೆರಗಿಗೆ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ಹಾ ಎನ್ನಬೇಕೋ ಬೇಡ ಎನ್ನಬೇಕೋ ಆ ಮುದುಕಿಗೂ ತಿಳಿಯಲಿಲ್ಲ.

"ದೋಷ ಇದ್ರ ನನಗ ಬರಲಿ. ಹೋಗಾಕ ನನಗ ಇನ್ನೇನ ಉಳದೈತಿ?" ಎಂದಳು.

ಉಮಾಶ್ರೀ ಮುಂದೆ ಬಂದಳು. ಆಕೆಯ ಅವ್ವ ತೋಳು ಹಿಡಿದಳು, ಹುಡುಗಿ ಬಿಡಿಸಿಕೊಂಡಳು. ತಟ್ಟೆಯಿಂದ ಕುಂಕುಮ ತೆಗೆದು, ಒಂದು ಗಳಿಗೆ ಅನುಮಾನಿಸಿ, ಅತ್ತೆಯ ಹಣೆಗೆ ಹಚ್ಚಿದಳು. ಬಗ್ಗಲಾರದೆ ಬಗ್ಗಿ ಎರಡೂ ಕೈ ತುಂಬ ಆ ಹಸಿರನ್ನು ಎತ್ತಿ ಅತ್ತೆಯ ಉಡಿಗೆ ಹಾಕಿದಳು. "ಹಂಗನ್ನಬ್ಯಾಡ ಅತ್ತಿ," ಎಂದಳು, ಅಳುತ್ತಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದರು, ಮುದುಕಿಯೂ ಬಂದಳು. ಉಡಿ ತುಂಬಿತು, ಅದನ್ನು ಟೆಂಪೋದ ಚೀಲಕ್ಕೆ ಸುರಿದು ಮತ್ತೆ ಒಡ್ಡಿದಳು, ಮತ್ತೆ ತುಂಬಿತು. ನಾನು ಬೇಲಿಯ ಹತ್ತಿರ ಬರಿಗಾಲಲ್ಲಿ ನಿಂತು, ಮಡಿವಾಳಪ್ಪನ ಕೋಲು ಹಿಡಿದುಕೊಂಡಿದ್ದೆ. ಅದು ನನ್ನ ಕೈಗೆ ಯಾವಾಗ ಬಂತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಚೀಲಗಳೆಲ್ಲ ರಾಯಾಪುರದ ತಗಡಿನ ಮೇಲೆ ಬಿಚ್ಚಿಕೊಂಡವು. ಆ ಊರ ಕೆರೆಯಲ್ಲಿ ಮುಂದೆಯೂ ಒಂದೆರಡು ಮರಿ ತಲೆಯೆತ್ತಿದವಂತೆ. ಸೋಮವಾರ ಪೂಜೆಗೆ ಬಂದ ಹೆಂಗಸರೇ ಅವನ್ನು ಆರಿಸಿ ಶಿವಲಿಂಗವ್ವನ ಹೆಸರು ಹೇಳಿ ಚೀಲಕ್ಕೆ ಹಾಕಿ ಕಳಿಸಿದರು. ಆದರೆ ಕೆರೆಯಿಂದ ಬಂದ ಮರುದಿನದ ಮಾತೇ ಹೇಳಬೇಕು. ಶಿವಲಿಂಗವ್ವ ಕಟ್ಟೆಯ ಮೇಲೆ ಕೂರಲಿಲ್ಲ. ರಸ್ತೆ ದಾಟಿ ಸೀದಾ ಅಮರೇಶನ ಅಂಗಡಿಗೆ ಹೋದಳು. ಜಗಳ ಬಿಡಿಸಲು ನಾನೂ ಹಿಂದೆ ಓಡಿದೆ. ಜಗಳವೇ ಆಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಕೆರೆಯ ಕತೆಯನ್ನೆಲ್ಲ ಅವನಿಗೆ ಹೇಳಿದಳು. ಹುಡುಗನ ನಗು ಇಂಗಿಹೋಯಿತು. ಸಾಲಾಗಿ ಇಟ್ಟಿದ್ದ ಬಟ್ಟಲುಗಳ ಕಡೆ ನೋಡಿದ.

"ಇವನ್ನೆಲ್ಲ ಏನ ಮಾಡ್ಲಿರಿ ಈಗ?"

"ನನ್ನ ತಗಡಿನ ಮ್ಯಾಲ ಜಾಗಾ ಐತಿ. ಬಟ್ಟಲದಾಗ ನಮ್ಮ ಮಲ್ಲಿಗಿ ಹಚ್ಚಿ ಕೊಡು."

"ನಾ ಅವತ್ತ ಕೇಳಿದ್ನೆಲ್ರಿ ಅವ್ವಾರ. ಆಗ ಯಾಕ ಹೇಳಲಿಲ್ಲ?"

"ನಿನ್ನ ಮ್ಯಾಲ ನಂಬಿಗಿ ಇರಲಿಲ್ಲ."

"ಈಗ ಐತೇನ್ರಿ?"

"ಈಗೂ ಇಲ್ಲ," ಎಂದಳು ಶಿವಲಿಂಗವ್ವ. "ಆದ್ರ ಹೇಳಾಕ ನಂಬಿಗಿ ಬೇಕಾಗಿರಲಿಲ್ಲ. ಅದು ನನಗ ನಿನ್ನೆ ತಿಳೀತು. ಚಹಾ ತರಸು."

ಚಹಾ ಬಂತು. ಆಕೆ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು, ಅಮರೇಶನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕುಡಿದಳು.